ಅಪ್ಪನಿಗೆ ಇಸಿಜಿ, ಅಮ್ಮನಿಗೆ ಮಾತ್ರ "ಟೆನ್ಷನ್ ಬಿಡಿ". ಹೆಂಗಸರ ಹೃದಯದ ಬಗ್ಗೆ ತಿಳಿದವರು ಹೇಳಿ

ಹೇಮಾವತಿ_ದಡ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಹತ್ತಿರ. ನಾನು ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿದ್ದೇನೆ. 2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸುದ್ದಿ ಟಿವಿಯಲ್ಲಿ ದಿನಾ ಬರುತ್ತಿತ್ತಲ್ಲ, ಆಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತಿದ್ದರು. ನಮ್ಮ ಮನೆಯಿಂದಲೂ ಹೋದರು. ಯಾರು ಅಂದರೆ ಅಪ್ಪ, ಚಿಕ್ಕಪ್ಪ, ಭಾವ. ಗಂಡಸರೆಲ್ಲ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಿಕೊಂಡು ಬಂದರು. ಅಮ್ಮ, ಚಿಕ್ಕಮ್ಮ ಬೆಳಗಿನ ಜಾವ ಎದ್ದು ಅವರಿಗೆ ಬುತ್ತಿ ಕಟ್ಟಿಕೊಟ್ಟರು. ನೀವೂ ಬನ್ನಿ ಅಂತ ಅವರನ್ನು ಯಾರೂ ಕರೆಯಲಿಲ್ಲ.

ಅಮ್ಮನಿಗೆ ಈಗ 54. ಮುಟ್ಟು ನಿಂತು ಐದಾರು ವರ್ಷ ಆಯಿತು. ಬಿಪಿ ಮಾತ್ರೆ ಇದೆ, ನೆನಪಾದಾಗ ತೆಗೆದುಕೊಳ್ಳುತ್ತಾರೆ. ಶುಗರ್ ಬಾರ್ಡರ್‌ನಲ್ಲಿದೆ ಅಂತ ಹೇಳಿದ್ದಾರೆ. ಈಚೆಗೆ ವಿಪರೀತ ಸುಸ್ತು. ಕೊಟ್ಟಿಗೆ ಬಾಚಿ ಸಗಣಿ ಹೊತ್ತು ತಿಪ್ಪೆಗೆ ಹಾಕಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ, ಎರಡೂ ಭುಜದ ನಡುವೆ ಬಿಗಿ ಹಿಡಿದ ಹಾಗೆ ಆಗುತ್ತದೆ, ಒಂದೊಂದು ಸಲ ಅದು ದವಡೆವರೆಗೂ ಹತ್ತುತ್ತದೆ. ಜಗಲಿ ಮೇಲೆ ಕೂತರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಎದೆನೋವು ಅಂತ ಅಮ್ಮ ಒಂದು ದಿನವೂ ಹೇಳಿಲ್ಲ. ಪೇಟೆಯ ಒಂದು ಕ್ಲಿನಿಕ್‌ಗೆ ತೋರಿಸಿದೆವು. ಬಿಪಿ ನೋಡಿ, ಗ್ಯಾಸ್ಟ್ರಿಕ್ ಮಾತ್ರೆ, ನಿದ್ದೆ ಮಾತ್ರೆ ಬರೆದುಕೊಟ್ಟು, "ಈ ವಯಸ್ಸಿನ ಹೆಂಗಸರಿಗೆ ಇದೆಲ್ಲ ಮಾಮೂಲಿ, ಟೆನ್ಷನ್ ಮಾಡಿಕೊಳ್ಳಬೇಡಿ" ಅಂತ ಹೇಳಿ ಕಳಿಸಿದರು. ಇಸಿಜಿ ಮಾಡಲಿಲ್ಲ.

ಟೆನ್ಷನ್ ಇರುವುದೇನೋ ನಿಜ. ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಅವರ ಎಲ್ಲಾ ಕೆಲಸ ಅಮ್ಮನದೇ. ತಂಗಿ ಮದುವೆ ಸಾಲ ಇನ್ನೂ ತೀರಿಲ್ಲ. ಅಪ್ಪನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವರು ಕೂಗಾಡಿದಾಗ ಅಮ್ಮ ಒಂದು ಮಾತೂ ಆಡದೆ ಒಳಗೆ ಹೋಗಿಬಿಡುತ್ತಾರೆ. ರಾತ್ರಿ ನಿದ್ದೆ ಇಲ್ಲ.

ಹೆಂಗಸರಿಗೆ ಹಾರ್ಟ್ ಪ್ರಾಬ್ಲಂ ಕಡಿಮೆ ಅಂತಾರಲ್ಲ, ಅದು ನಿಜವಾ? ಟೆನ್ಷನ್‌ನಿಂದ ಇಂಥ ನೋವು ಬರುತ್ತಾ, ಅಥವಾ ಟೆನ್ಷನ್‌ನಿಂದ ಹೃದಯಕ್ಕೇ ಏಟು ಬೀಳುತ್ತಾ? ಎರಡೂ ಒಂದೇ ಅಲ್ಲ ಅಲ್ವಾ? ಅಮ್ಮನನ್ನು ಹೊರಡಿಸುವುದು ಹೇಗೆ ಅಂತ ಬೇರೆ ತಿಳಿಯುತ್ತಿಲ್ಲ. ನನಗೇನೂ ಆಗಿಲ್ಲ ಬಿಡು ಅನ್ನುತ್ತಾರೆ.

---

ಬಯಲುಸೀಮೆ_ಡಾಕ್ಟರ್:

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಕೆಲಸ ಮಾಡಿದಾಗ ಬಂದು ಕೂತಾಗ ಹೋಗುವ ಬಿಗಿತ, ಅದು ಬೆನ್ನಿನಲ್ಲಿರಲಿ, ದವಡೆಯಲ್ಲಿರಲಿ, ರಟ್ಟೆಯಲ್ಲಿರಲಿ, ಹೃದಯದ್ದಲ್ಲ ಅಂತ ಪರೀಕ್ಷೆಯಲ್ಲಿ ಖಾತ್ರಿ ಆಗುವವರೆಗೂ ಹೃದಯದ್ದೇ ಅಂತ ತಿಳಿಯಬೇಕು. ಗ್ಯಾಸ್ ನೋವಿಗೆ ನೀವು ಸಗಣಿ ಹೊತ್ತದ್ದು, ಜಗಲಿ ಮೇಲೆ ಕೂತದ್ದು ಗೊತ್ತಾಗುವುದಿಲ್ಲ. ಅಮ್ಮನನ್ನು ಈ ವಾರವೇ ಫಿಸಿಷಿಯನ್ ಅಥವಾ ಕಾರ್ಡಿಯಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ಇದರ ಮಧ್ಯೆ ಸುಮ್ನೆ ಕೂತಿದ್ದಾಗಲೇ ನೋವು ಬಂದು ಹೋಗದೆ ನಿಂತರೆ, ತಣ್ಣನೆ ಬೆವರು, ವಾಂತಿ ಬರುವ ಹಾಗೆ ಆದರೆ, ಕ್ಲಿನಿಕ್‌ಗೆ ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಸಾಕಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಆನ್‌ಲೈನ್‌ನಲ್ಲೇ ತಜ್ಞರಿಗೆ ಕಳಿಸುತ್ತಾರೆ, ಅಟ್ಯಾಕ್ ಅಂತ ಆದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಪುಕ್ಕಟೆ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದೆಯಾ ಅಂತ ಇವತ್ತೇ ಕೇಳಿಟ್ಟುಕೊಳ್ಳಿ.

ಹೆಂಗಸರಿಗೆ ಹಾರ್ಟ್ ಪ್ರಾಬ್ಲಂ ಕಡಿಮೆ ಅನ್ನುವುದು ಅರ್ಧ ಮಾತ್ರ ನಿಜ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಬಂತು, ನಮ್ಮ ದೇಶದ ರೋಗಿಗಳೂ ಅದರಲ್ಲಿದ್ದರು. ಮೊದಲ ಅಟ್ಯಾಕ್ ಹೆಂಗಸರಿಗೆ ಗಂಡಸರಿಗಿಂತ ಸರಾಸರಿ 9 ವರ್ಷ ತಡವಾಗಿ ಬರುತ್ತದೆ ಅಂತ ಅದರಲ್ಲಿ ಕಂಡಿತು. ತಡವಾಗಿ ಬರುತ್ತದೆ, ಬರುವುದೇ ಇಲ್ಲ ಅಂತಲ್ಲ. ನಮ್ಮ ಕಡೆ ಜನಕ್ಕೆ ಬೇರೆ ದೇಶದವರಿಗಿಂತ ಮೊದಲೇ ಬರುತ್ತದೆ ಅಂತಲೂ ಅದೇ ಅಧ್ಯಯನ ಹೇಳಿತು. ಹಾಗಾಗಿ 54 ಅನ್ನುವುದು ನಮ್ಮಲ್ಲಿ ನಿಶ್ಚಿಂತೆಯ ವಯಸ್ಸಲ್ಲ.

ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ರಕ್ತನಾಳಗಳನ್ನು ಒಂದಿಷ್ಟು ಕಾಪಾಡುತ್ತದೆ. ಆದರೆ ಶುಗರ್ ಬಂದರೆ ಆ ಅನುಕೂಲ ಬಹುಪಾಲು ಹೋಗುತ್ತದೆ. ಸಕ್ಕರೆ ಕಾಯಿಲೆಯಿಂದ ಹೃದಯದ ರಕ್ತನಾಳಕ್ಕೆ ಬೀಳುವ ಹೆಚ್ಚುವರಿ ಅಪಾಯ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು 44% ಜಾಸ್ತಿ ಅಂತ 2014ರಲ್ಲಿ ಹಲವು ದೇಶಗಳ ಲೆಕ್ಕ ಕೂಡಿಸಿ ತೋರಿಸಿದರು. ಬಾರ್ಡರ್ ಶುಗರ್ ಅಂತ ಅಸಡ್ಡೆ ಮಾಡಬೇಡಿ, ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ರಕ್ತ ಪರೀಕ್ಷೆ ಮಾಡಿಸಿ. ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ: ಗರ್ಭಕೋಶದ ಆಪರೇಷನ್. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನ ಹೆಂಗಸರ ಗರ್ಭಕೋಶ ತೆಗೆದ ವಿಷಯ 2015ರ ಸುಮಾರಿಗೆ ದೊಡ್ಡ ಸುದ್ದಿ ಆಗಿತ್ತು. ಗರ್ಭಕೋಶದ ಜೊತೆ ಅಂಡಾಶಯವನ್ನೂ 45ರ ಒಳಗೆ ತೆಗೆದಿದ್ದರೆ ಹೃದಯದ ಅಪಾಯ ಏರುತ್ತದೆ. ಆಪರೇಷನ್ ಆಗಿರುವ ಹೆಂಗಸರು ಇದನ್ನು ಡಾಕ್ಟರಿಗೆ ಹೇಳಲೇಬೇಕು, ಅವರು ಕೇಳದಿದ್ದರೂ.

ಲಕ್ಷಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ, ಹೆಂಗಸರಿಗೆ ಎದೆನೋವೇ ಬರುವುದಿಲ್ಲ ಅಂತ. ಹಾಗಿಲ್ಲ. ಅಮೆರಿಕ, ಸ್ಪೇನ್, ಆಸ್ಟ್ರೇಲಿಯಾದಲ್ಲಿ 55 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಅಟ್ಯಾಕ್ ಆದವರ ಮೇಲೆ ವರ್ಗೋ ಅನ್ನುವ ಅಧ್ಯಯನ ನಡೆಯಿತು. ಅದರ ಅಮೆರಿಕದ ರೋಗಿಗಳಲ್ಲಿ ಎದೆಯಲ್ಲಿ ನೋವು, ಒತ್ತಡ, ಬಿಗಿತ ಇತ್ತು ಅಂದವರು ಹೆಂಗಸರಲ್ಲಿ 87%, ಗಂಡಸರಲ್ಲಿ 89.5%. ಹೆಚ್ಚು ಕಡಿಮೆ ಸಮ. ಆದರೆ ಹೆಂಗಸರಿಗೆ ಅದರ ಜೊತೆಗೆ ವಾಕರಿಕೆ, ದವಡೆ, ಕುತ್ತಿಗೆ, ಬೆನ್ನು, ಉಸಿರು ಅಂತ ಇನ್ನೂ ಹಲವು ಇರುತ್ತವೆ, ಹೇಳುವಾಗ ಅವೇ ಮೊದಲು ಬರುತ್ತವೆ. ಅಟ್ಯಾಕ್‌ಗೆ ಮೊದಲು ಡಾಕ್ಟರಿಗೆ ತೋರಿಸಿದವರಲ್ಲಿ, ಇದು ಹೃದಯದ್ದಲ್ಲ ಅನ್ನಿಸಿಕೊಂಡು ಬಂದವರು ಹೆಂಗಸರಲ್ಲಿ 53%, ಗಂಡಸರಲ್ಲಿ 37%. ಅಷ್ಟು ಮುಂದುವರಿದ ದೇಶದಲ್ಲೇ ಹೀಗೆ. ನಿಮ್ಮ ಅಮ್ಮನಿಗೆ ಆಗಿದ್ದು ಇದೇ.

ಆರಾಮವಾಗಿ ಮಲಗಿದ್ದಾಗ ತೆಗೆದ ಇಸಿಜಿ ನಾರ್ಮಲ್ ಬಂದರೆ ಮುಗಿಯಿತು ಅಂತ ವಾಪಸ್ ಬರಬೇಡಿ. ಆ ಹೊತ್ತಿಗೆ ನೋವಿಲ್ಲದಿದ್ದರೆ ಅದು ನಾರ್ಮಲ್ ಇರಬಹುದು.

---

ಬೆಣ್ಣೆದೋಸೆ_ಊರಿನವಳು:

ಡಾಕ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಯಾಕೆಂದರೆ ಇದು ಚಿಕ್ಕ ವಯಸ್ಸಿನವರಿಗೂ ಗೊತ್ತಿರಬೇಕು.

ನನ್ನ ಎರಡನೇ ಬಸಿರಿನಲ್ಲಿ ಬಿಪಿ ವಿಪರೀತ ಏರಿ, ಮುಖ ಕಾಲು ಊದಿ, ತಿಂಗಳು ತುಂಬುವ ಮೊದಲೇ ಸಿಸೇರಿಯನ್ ಮಾಡಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಪ್ರಿ-ಎಕ್ಲಾಂಪ್ಸಿಯಾ ಅಂತ ಬರೆದಿತ್ತು. ಹೆರಿಗೆ ಆದ ಮೇಲೆ ಬಿಪಿ ಇಳಿಯಿತು. ಬಾಣಂತನ ಮುಗಿಯಿತು, ಎಲ್ಲರೂ ಅದನ್ನು ಮರೆತರು. ಮಗುವಿನ ತೂಕ ಎಷ್ಟಾಯಿತು, ಲಸಿಕೆ ಹಾಕಿಸಿದಿರಾ ಅಂತ ಆಶಾ ಅಕ್ಕ ಬಂದು ಬಂದು ಕೇಳಿದರು, ಅವರ ಋಣ ದೊಡ್ಡದು. ಆದರೆ ನಿನ್ನ ಬಿಪಿ ಎಷ್ಟಿದೆ ಅಂತ ಮುಂದೆ ಯಾರೂ ನೋಡಲಿಲ್ಲ. ಈಗ 41ಕ್ಕೆ ಮತ್ತೆ ಬಿಪಿ ಬಂದಿದೆ. ಹೊಸ ಡಾಕ್ಟರಮ್ಮ ಒಬ್ಬರು ಕೂರಿಸಿಕೊಂಡು, ಬಸಿರಲ್ಲಿ ಹೇಗಿತ್ತು ಹೇಳಮ್ಮ ಅಂತ ಕೇಳಿದಾಗಲೇ ನನಗೆ ಎರಡಕ್ಕೂ ಸಂಬಂಧ ಇದೆ ಅಂತ ತಿಳಿದದ್ದು. ಬಸಿರಿನಲ್ಲಿ ಹೀಗೆ ಆದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಸುಮಾರು ಎರಡು ಪಟ್ಟು ಅಂತೆ. ಬಸಿರಿನಲ್ಲಿ ಶುಗರ್ ಬಂದು ಹೋದವರಿಗೂ ಮುಂದೆ ಸಕ್ಕರೆ ಕಾಯಿಲೆ ಬರುವುದು ಬಹಳ ಜಾಸ್ತಿ. ಅಮೆರಿಕದ ಹೃದಯ ಸಂಘ 2011ರಲ್ಲೇ ಇವನ್ನು ಹೆಂಗಸರ ಅಪಾಯದ ಪಟ್ಟಿಗೆ ಸೇರಿಸಿದೆ.

ತಾಯಿ ಕಾರ್ಡ್ ಇದ್ದವರು ಅದನ್ನು ಮಗು ದೊಡ್ಡದಾಯಿತು ಅಂತ ಎಸೆಯಬೇಡಿ. ಅದರಲ್ಲಿ ನಿಮ್ಮ ಬಿಪಿ, ಶುಗರ್ ಬರೆದಿರುತ್ತದೆ. ನಿಮ್ಮ ಮೆಡಿಕಲ್ ಫೈಲ್‌ನಲ್ಲಿ ಮೊದಲ ಹಾಳೆ ಅದೇ ಆಗಿರಲಿ.

ಹೇಮಾವತಿ ದಡ, ನಿಮ್ಮನ್ನು ಹೆತ್ತಾಗ ಹೇಗಿತ್ತು ಅಂತ ಅಮ್ಮನನ್ನು ಕೇಳಿ. ಆ ಕಾಲದ ಚೀಟಿ ಇರಲಿಕ್ಕಿಲ್ಲ, ಆದರೆ ಕಾಲು ಊದಿತ್ತು, ಕಣ್ಣು ಮಂಜಾಗಿತ್ತು, ಫಿಟ್ಸ್ ಬಂದಿತ್ತು ಅನ್ನುವುದೆಲ್ಲ ಹೆಂಗಸರಿಗೆ ಮರೆಯುವುದಿಲ್ಲ. ಮನೆಯಲ್ಲಿ ಸೌದೆ ಒಲೆ ಇದೆಯಾ? ಸ್ನಾನದ ನೀರಿಗೆ ಅಂತ ಈಗಲೂ ಸುಮಾರು ಮನೆಗಳಲ್ಲಿ ಇರುತ್ತದಲ್ಲ. ಆ ಹೊಗೆಯೂ ಹೃದಯಕ್ಕೆ ಒಳ್ಳೆಯದಲ್ಲ, ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಅದೂ ಅಷ್ಟೇ. ನಾನು ಸೇದುವುದಿಲ್ಲ ಅಂತ ಅಮ್ಮಂದಿರು ಹೇಳುತ್ತಾರೆ, ಆದರೆ ಉಸಿರಾಡುವ ಗಾಳಿ ಒಂದೇ.

---

ಹೈವೇ_ರಂಗ:

ನಾನು ಗಂಡಸರ ಕಡೆಯಿಂದ ಒಂದು ಮಾತು ಹೇಳಬೇಕು, ಯಾರೂ ತಪ್ಪು ತಿಳಿಯಬೇಡಿ.

ನಾನು ಟ್ಯಾಕ್ಸಿ ಓಡಿಸುತ್ತೇನೆ, ಮೈಸೂರು ಬೆಂಗಳೂರು ಲೈನ್. 41ಕ್ಕೆ ಸ್ಟೆಂಟ್ ಬಿತ್ತು. ರಾತ್ರಿ ಡ್ಯೂಟಿ, ಹೊತ್ತಿಲ್ಲದ ಹೊತ್ತಲ್ಲಿ ಊಟ, ಸಿಗರೇಟು, ಗಾಡಿ ಲೋನು, ಎಲ್ಲಾ ಇತ್ತು. ಆಸ್ಪತ್ರೆಯಲ್ಲಿ ನನ್ನ ಹೃದಯವನ್ನು ಚೆನ್ನಾಗಿ ನೋಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ಬಂದ ಮೇಲೆ ನನ್ನ ಸ್ಥಿತಿ ಏನಾಗಿತ್ತು ಅಂತ ಯಾರೂ ಕೇಳಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಬೆಳಗ್ಗೆ ಏಳುವುದಿಲ್ಲ ಅನ್ನುವ ಭಯ. ಎದೆಯಲ್ಲಿ ಸ್ವಲ್ಪ ಚುಚ್ಚಿದರೂ ಮೈ ನಡುಕ. ಸ್ಟೇರಿಂಗ್ ಹಿಡಿದರೆ ಕೈ ಬೆವರುತ್ತಿತ್ತು. ಮಕ್ಕಳ ಫೀಸು ಕಟ್ಟಬೇಕು, ನಾನೇ ಹೀಗಾದರೆ ಹೇಗೆ ಅಂತ ಯೋಚನೆ. ಹೆಂಡತಿ ಮುಂದೆ ಹೇಳಿದರೆ ಅವಳು ಹೆದರುತ್ತಾಳೆ, ಸ್ಟ್ಯಾಂಡಿನಲ್ಲಿ ಹೇಳಿದರೆ ಒಂದು ಕ್ವಾರ್ಟರ್ ಹಾಕು ಎಲ್ಲಾ ಸರಿಹೋಗುತ್ತೆ ಅನ್ನುತ್ತಾರೆ. ನಮ್ಮ ಲೈನಿನಲ್ಲಿ ತುಂಬಾ ಜನ ಹಾಗೆ ಮಾಡಿಯೇ ಮಾತ್ರೆ ಬಿಟ್ಟಿದ್ದಾರೆ. ಕುಡಿದ ದಿನ ಮಾತ್ರೆ ಬೇಡ ಅಂತ ಬಿಡುತ್ತಾರೆ, ಆಮೇಲೆ ಪೂರ್ತಿಯೇ ಬಿಟ್ಟುಹೋಗುತ್ತದೆ.

ಹಾಸನದ ಸುದ್ದಿ ಬಂದಾಗ ಡ್ರೈವರ್‌ಗಳ ವಿಷಯವೂ ಪೇಪರಿನಲ್ಲಿ ಬಂದಿತ್ತು. ಆಗ ಎಲ್ಲರೂ ಇಸಿಜಿ ಮಾಡಿಸಿದರು. ನಿದ್ದೆ ಎಷ್ಟು ಮಾಡ್ತೀಯಪ್ಪಾ, ಸಾಲ ಎಷ್ಟಿದೆ, ಎಷ್ಟು ಕುಡಿಯುತ್ತೀಯ, ಮನಸ್ಸು ಹೇಗಿದೆ ಅಂತ ಕೇಳಲಿಲ್ಲ.

ತಂಗಿ, ನಿಮ್ಮ ಅಪ್ಪನ ಸಿಟ್ಟಿನ ಬಗ್ಗೆ ಬರೆದಿದ್ದೀರಲ್ಲ. ಅದನ್ನು ಸಮರ್ಥಿಸುವುದಿಲ್ಲ, ಅಮ್ಮನ ಮೇಲೆ ಕೂಗಾಡುವುದು ತಪ್ಪೇ. ಆದರೆ ನನಗೂ ಆಗ ಹಾಗೆಯೇ ಸಿಟ್ಟು ಬರುತ್ತಿತ್ತು, ಅದು ಭಯ ಅಂತ ನನಗೇ ತಿಳಿದಿರಲಿಲ್ಲ. ಸಾಲ ತೀರಿಸುವ ಚಿಂತೆ ಅವರಿಗೂ ಇರಬಹುದು. ಒಂದು ಸಲ ಅಪ್ಪನ ಜೊತೆಯೂ ಕೂತು ಮಾತಾಡಿ. ಅಮ್ಮನನ್ನು ಆಸ್ಪತ್ರೆಗೆ ಹೊರಡಿಸಲು ಅವರೇ ಸರಿಯಾದ ವ್ಯಕ್ತಿ ಆಗಬಹುದು.

---

ಲೆಕ್ಕ_ಪಕ್ಕಾ:

ಅಮ್ಮನನ್ನು ಬೇಗ ತೋರಿಸಿ ಅನ್ನುವುದಕ್ಕೆ ನನ್ನದೂ ಒತ್ತಾಯ. ಆದರೆ ಟೆನ್ಷನ್‌ನಿಂದಲೇ ಹಾರ್ಟ್ ಅಟ್ಯಾಕ್ ಅಂತ ಈ ಚರ್ಚೆ ತಿರುಗುತ್ತಿದೆ, ಅದಕ್ಕೆ ಸ್ವಲ್ಪ ಬ್ರೇಕ್ ಹಾಕಬೇಕು.

ಇಂಟರ್‌ಹಾರ್ಟ್‌ನಲ್ಲಿ ಮಾನಸಿಕ ಒತ್ತಡ ದೊಡ್ಡದಾಗಿ ಕಂಡಿತು, ಹೆಂಗಸರಲ್ಲಿ ಅದರ ಪಾಲು ಗಂಡಸರಿಗಿಂತ ಜಾಸ್ತಿ ಇತ್ತು, ಒಪ್ಪುತ್ತೇನೆ. ಆದರೆ ಅಲ್ಲಿ ಅಟ್ಯಾಕ್ ಆದ ಮೇಲೆ ಜನರನ್ನು ಕೇಳಿದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿರುವವರನ್ನು ಕಳೆದ ವರ್ಷ ನಿಮಗೆ ಒತ್ತಡ ಇತ್ತಾ ಅಂದರೆ ಯಾರಿಗಾದರೂ ಏನಾದರೂ ನೆನಪಾಗಿಯೇ ಆಗುತ್ತದೆ. ಇನ್ನೊಂದು ಮಾತು, ಒತ್ತಡ ಕಡಿಮೆ ಮಾಡಿದರೆ ಜೀವ ಉಳಿಯುತ್ತದೆ ಅಂತ ಹೇಳುವುದು ಸುಲಭವಲ್ಲ. ಅಮೆರಿಕದಲ್ಲಿ ಎನ್‌ರಿಚ್ಡ್ ಅಂತ ದೊಡ್ಡ ಪರೀಕ್ಷೆ ನಡೆಯಿತು, 2003ರಲ್ಲಿ ಫಲಿತಾಂಶ ಬಂತು. ಅಟ್ಯಾಕ್ ಆದ, ಖಿನ್ನತೆ ಇರುವ ಅಥವಾ ಯಾರ ಆಸರೆಯೂ ಇಲ್ಲದ 2481 ಜನ ಅದರಲ್ಲಿದ್ದರು. ಅರ್ಧ ಜನಕ್ಕೆ ಮಾತಿನ ಚಿಕಿತ್ಸೆ ಕೊಟ್ಟರು. ಖಿನ್ನತೆ ಸ್ವಲ್ಪ ಇಳಿಯಿತು, ಸಾವು ಇಳಿಯಲಿಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಯೋಗ-ಕೇರ್ ಅಂತ ಯೋಗದ ಪರೀಕ್ಷೆ ನಡೆದು 2020ರಲ್ಲಿ ವರದಿ ಬಂತು. ಯೋಗ ಮಾಡಿದವರಿಗೆ ಆರೋಗ್ಯ ಸುಧಾರಿಸಿದೆ ಅನ್ನಿಸಿತು, ಆದರೆ ಮತ್ತೆ ಅಟ್ಯಾಕ್, ಸಾವು ಖಚಿತವಾಗಿ ಕಡಿಮೆ ಆಯಿತು ಅನ್ನುವಷ್ಟು ವ್ಯತ್ಯಾಸ ಸಿಗಲಿಲ್ಲ. ಅದರಲ್ಲಿ 86% ಗಂಡಸರೇ ಇದ್ದರು ಅನ್ನುವುದನ್ನೂ ಗಮನಿಸಿ, ಹೆಂಗಸರ ಬಗ್ಗೆ ಅದರಿಂದ ಹೆಚ್ಚೇನೂ ಹೇಳಲು ಬರುವುದಿಲ್ಲ.

ಹಾಗಾಗಿ ಅಮ್ಮನಿಗೆ ಮೊದಲು ಬಿಪಿ ಮಾತ್ರೆ ದಿನಾ ಬೇಕು. ಆಮೇಲೆ ಶುಗರ್, ಕೊಲೆಸ್ಟ್ರಾಲ್. ಇವನ್ನು ಬಿಟ್ಟು ಧ್ಯಾನ ಮಾಡಿಸಲು ಹೊರಟರೆ ನಷ್ಟ.

---

ಮಾತಾಡೋಣ_ಬನ್ನಿ:

ಲೆಕ್ಕ ಪಕ್ಕಾ ಅವರೇ, ಬಿಪಿ ಮಾತ್ರೆ ಮೊದಲು ಅನ್ನುವುದನ್ನು ನಾನೂ ದಿನಾ ಹೇಳುತ್ತೇನೆ. ನಾನು ಆಪ್ತಸಮಾಲೋಚಕಿ, ಹೃದ್ರೋಗಿಗಳನ್ನೂ ನೋಡುತ್ತೇನೆ. ಆದರೆ ಅಮ್ಮ ಬಿಪಿ ಮಾತ್ರೆಯನ್ನು "ನೆನಪಾದಾಗ" ಯಾಕೆ ತೆಗೆದುಕೊಳ್ಳುತ್ತಾರೆ? ಅಜ್ಜಿಯ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುತ್ತಾರೆ ನೋಡಿ, ಬೇಕಾದರೆ ಕೇಳಿ. ಅಪ್ಪನದ್ದೂ ಕೊಡುತ್ತಾರೆ. ತನ್ನದು ಕೊನೆಗೆ. ಅದು ಮರೆವಲ್ಲ. ಮನಸ್ಸಿನ ಸ್ಥಿತಿಯೂ ಮನೆಯ ಸ್ಥಿತಿಯೂ ಬಿಪಿಯಿಂದ ಬೇರೆ ಅಲ್ಲ.

2024ರ ಸರ್ಕಾರಿ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ವಯಸ್ಸಾದವರ, ಮಕ್ಕಳ ಆರೈಕೆಯ ಲೆಕ್ಕ ಬೇರೆ. ದಿನಾ ಅರ್ಧ ಗಂಟೆ ವಾಕಿಂಗ್ ಹೋಗಿ ಅಂತ ಚೀಟಿಯಲ್ಲಿ ಬರೆದರೆ ಆ ಅರ್ಧ ಗಂಟೆ ಯಾರದ್ದು?

ಅಟ್ಯಾಕ್ ಆದ ಮೇಲೆ ಕೇಳಿದರೆ ನಂಬುವುದು ಕಷ್ಟ ಅಂದಿರಿ, ಸರಿಯಾದ ಮಾತೇ. ಆದರೆ ಮೊದಲೇ ಕೇಳಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳೂ ಇವೆ. ಅಮೆರಿಕದ ಫ್ರಾಮಿಂಗ್‌ಹ್ಯಾಂ ಊರಿನಲ್ಲಿ 1948ರಿಂದ ಜನರ ಹೃದಯವನ್ನು ನೋಡುತ್ತಾ ಬಂದಿದ್ದಾರೆ. ಅಲ್ಲಿನ ಮುಂದಿನ ತಲೆಮಾರಿನವರನ್ನು 10 ವರ್ಷ ಹಿಂಬಾಲಿಸಿ 2007ರಲ್ಲಿ ಒಂದು ವಿಷಯ ಬರೆದರು. ಗಂಡನ ಜೊತೆ ಜಗಳ ಬಂದಾಗ ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಒಳಗೆ ನುಂಗುವ ಹೆಂಗಸರು ಆ ಅವಧಿಯಲ್ಲಿ ಸಾಯುವ ಸಂಭವ, ಮಾತಾಡುವ ಹೆಂಗಸರಿಗಿಂತ ನಾಲ್ಕು ಪಟ್ಟು ಇತ್ತು. ಹಾಗೆ ನುಂಗುವ ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಇದೊಂದರಿಂದಲೇ ಸಾವು ಬಂತು ಅಂತ ನಾನು ಹೇಳುವುದಿಲ್ಲ. ಆದರೆ ಸುಮ್ನೆ ಇರು, ಸಹಿಸಿಕೋ, ಹೆಣ್ಣು ಅಂದರೆ ಭೂಮಿ ತೂಕದ ತಾಳ್ಮೆ ಇರಬೇಕು ಅಂತ ಹೇಳಿ ಹೇಳಿ ಬೆಳೆಸುವ ನಾವು ಅದನ್ನು ಎರಡು ಸಲ ಓದಬೇಕು. ಅದೇ ಅಧ್ಯಯನದಲ್ಲಿ ಗಂಡಸರದ್ದೂ ಒಂದಿದೆ: ಹೆಂಡತಿ ಹೊರಗಿನ ಕೆಲಸದ ಬೇಸರ ಹೊತ್ತು ಮನೆಗೆ ಬರುತ್ತಿದ್ದರೆ, ಹೃದ್ರೋಗ ಜಾಸ್ತಿ ಆದದ್ದು ಗಂಡನಿಗೆ.

ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಆಗಲೇ ಹೃದಯದ ಕಾಯಿಲೆ ಇದ್ದ ಹೆಂಗಸರನ್ನು ಸುಮಾರು ಐದು ವರ್ಷ ನೋಡಿದರು, 2000ದಲ್ಲಿ ಪ್ರಕಟವಾಯಿತು. ದಾಂಪತ್ಯದಲ್ಲಿ ತೀವ್ರ ಒತ್ತಡ ಇದ್ದವರಿಗೆ ಮತ್ತೆ ಹೃದಯದ ತೊಂದರೆ ಬರುವುದು 2.9 ಪಟ್ಟು ಇತ್ತು. ಆಫೀಸಿನ ಒತ್ತಡಕ್ಕೆ ಹಾಗೆ ಕಾಣಲಿಲ್ಲ. ಅದೇ ಊರಿನಲ್ಲಿ ಆಮೇಲೆ ಹೃದಯದ ಕಾಯಿಲೆ ಇದ್ದ 237 ಹೆಂಗಸರ ಮೇಲೆ ಪರೀಕ್ಷೆ ಮಾಡಿದರು. ಅರ್ಧ ಜನರನ್ನು ನಾಲ್ಕರಿಂದ ಎಂಟು ಹೆಂಗಸರ ಚಿಕ್ಕ ಗುಂಪು ಮಾಡಿ, ಬರೀ ಹೆಂಗಸರದ್ದೇ ಗುಂಪು, ಒಂದು ವರ್ಷ ಆಗಾಗ ಕೂರಿಸಿ ಮಾತಾಡಿಸಿದರು. ಕೆಲವು ವರ್ಷಗಳ ನಂತರ ನೋಡಿದರೆ ಗುಂಪಿಗೆ ಬಂದವರಲ್ಲಿ 7% ಸತ್ತಿದ್ದರು, ಬರದವರಲ್ಲಿ 20%. ಚಿಕ್ಕ ಅಧ್ಯಯನ, ನಿಜ. ಆದರೆ ಎನ್‌ರಿಚ್ಡ್‌ಗೂ ಇದಕ್ಕೂ ಇರುವ ಒಂದು ಅಂತರ ನನಗೆ ಮುಖ್ಯವಾಗಿ ಕಾಣುತ್ತದೆ, ಇಲ್ಲಿ ಹೆಂಗಸರು ಗಂಡಸರಿಲ್ಲದ ಜಾಗದಲ್ಲಿ ತಮ್ಮಂಥವರ ಜೊತೆ ಬಾಯಿ ಬಿಟ್ಟರು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಹಳ್ಳಿ ಹಳ್ಳಿಯಲ್ಲಿವೆ. ಸಾಲದ ಕಂತಿನ ಜೊತೆ ಅಲ್ಲಿ ಒಂದು ಬಿಪಿ ಮೆಷಿನ್ನೂ ಅರ್ಧ ಗಂಟೆ ಮಾತೂ ಇದ್ದರೆ ಎಷ್ಟು ಚೆನ್ನ ಅಂತ ನನಗೆ ಬಹಳ ಆಸೆ.

ದೇಹದಲ್ಲಿ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾರೆ. ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದಲ್ಲಿ, ಈಚೆಗೆ ಅಟ್ಯಾಕ್ ಆಗಿದ್ದ 61ರವರೆಗಿನ ವಯಸ್ಸಿನವರನ್ನು ಜನರ ಮುಂದೆ ಭಾಷಣ ಮಾಡಿಸಿ, ಆ ಹೊತ್ತಿಗೆ ಹೃದಯಕ್ಕೆ ರಕ್ತ ಹೇಗೆ ಹರಿಯುತ್ತದೆ ಅಂತ ಸ್ಕ್ಯಾನ್‌ನಲ್ಲಿ ನೋಡಿದರು. ಬರೀ ಆ ಮಾನಸಿಕ ಒತ್ತಡಕ್ಕೇ ಹೃದಯದ ಸ್ನಾಯುವಿಗೆ ರಕ್ತ ಕಡಿಮೆ ಆದದ್ದು ಹೆಂಗಸರಲ್ಲಿ ನೂರಕ್ಕೆ 22 ಜನಕ್ಕೆ, ಗಂಡಸರಲ್ಲಿ ನೂರಕ್ಕೆ 11 ಜನಕ್ಕೆ. ಹೆಂಗಸರಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಒತ್ತಡಕ್ಕೆ ಬಿಗಿದುಕೊಳ್ಳುವುದು ಇದಕ್ಕೆ ಒಂದು ಕಾರಣ ಅಂತ ಕಂಡಿತು. ಟೆನ್ಷನ್ ಅಂತ ಹೇಳಿ ಅಮ್ಮನನ್ನು ಮನೆಗೆ ಕಳಿಸಿದರಲ್ಲ, ಅದಕ್ಕೇ ನನಗೆ ಸಂಕಟ ಆಗುವುದು. ಟೆನ್ಷನ್ ಇದೆ ಅಂತ ಗೊತ್ತಾದರೆ ಹೃದಯವನ್ನು ಇನ್ನೂ ಹುಷಾರಾಗಿ ನೋಡಬೇಕು. ಅದನ್ನೇ ಕಾರಣ ಮಾಡಿ ಪರೀಕ್ಷೆ ನಿಲ್ಲಿಸಬಾರದು.

ಹೈವೇ ರಂಗ ಅವರೇ, ನೀವು ಬರೆದದ್ದು ಓದಿ ಮನಸ್ಸು ತುಂಬಿ ಬಂತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಹೆಂಗಸರಲ್ಲೇ ಜಾಸ್ತಿ ಇತ್ತು. ಆದರೆ ಕುಡಿತದ ಚಟವನ್ನೂ ಸೇರಿಸಿ ಒಟ್ಟು ಮಾನಸಿಕ ತೊಂದರೆ ಲೆಕ್ಕ ಹಾಕಿದರೆ ಗಂಡಸರಲ್ಲಿ 13.9%, ಹೆಂಗಸರಲ್ಲಿ 7.5%. ಗಂಡಸರ ಸಂಕಟ ಬಾಟಲಿಯಲ್ಲೋ ಸಿಟ್ಟಿನಲ್ಲೋ ಹೊರಗೆ ಬರುತ್ತದೆ, ಅದನ್ನು ನಾವು ಸಂಕಟ ಅಂತ ಗುರುತಿಸುವುದೇ ಇಲ್ಲ. ನಿಮ್ಮ ಆ ಭಯ, ನಡುಕಕ್ಕೆ ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅಂತ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ, ನಿಮ್ಮ ಕಡೆ ಯಾವ ಮಂಗಳವಾರ ಅಂತ ವಿಚಾರಿಸಿ. ಸ್ಟ್ಯಾಂಡಿನ ಗೆಳೆಯರನ್ನೂ ಕರೆದುಕೊಂಡು ಹೋಗಿ.

---

ಹೇಮಾವತಿ_ದಡ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಜ್ಜಿಯ ಮಾತ್ರೆಯ ವಿಷಯ ಕೇಳಿದೆ, ನೀವು ಹೇಳಿದ ಹಾಗೇ ಇದೆ. ರಂಗಣ್ಣ, ಅಪ್ಪನ ಹತ್ತಿರ ಮಾತಾಡಿದೆ. ದವಡೆಗೆ ಬರುವ ನೋವು ಹೃದಯದ್ದಿರಬಹುದು ಅಂದಾಗ ತುಂಬಾ ಹೊತ್ತು ಮಾತಾಡಲಿಲ್ಲ, ಆಮೇಲೆ ಗುರುವಾರ ಕರೆದುಕೊಂಡು ಹೋಗೋಣ, ಅಜ್ಜಿಯನ್ನು ನೋಡಿಕೊಳ್ಳಲು ಅತ್ತೆಗೆ ಬರಲು ಹೇಳುತ್ತೇನೆ ಅಂದರು. ಬಸಿರಿನ ವಿಷಯವನ್ನೂ ಕೇಳಿದೆ. ತಂಗಿ ಹೊಟ್ಟೆಯಲ್ಲಿದ್ದಾಗ ಬಿಪಿ ಏರಿತ್ತಂತೆ. ನನಗೆ ಇದುವರೆಗೂ ಗೊತ್ತೇ ಇರಲಿಲ್ಲ.

ಡಾಕ್ಟರ್ ಸರ್, ಅಲ್ಲಿ ಹೋದಾಗ ಏನು ಹೇಳಬೇಕು? ಆಂಜಿಯೋಗ್ರಾಂ ಮಾಡಿ ಬ್ಲಾಕ್ ಇಲ್ಲ ಅಂದುಬಿಟ್ಟರೆ? ಮತ್ತೆ ಗ್ಯಾಸ್ ಅಂತಲೇ ಅಂದುಕೊಳ್ಳಬೇಕಾ?

---

ಬಯಲುಸೀಮೆ_ಡಾಕ್ಟರ್:

ಒಳ್ಳೆಯದಾಯಿತು. ಒಳಗೆ ಹೋದ ತಕ್ಷಣ ಸುಸ್ತು, ನಿದ್ದೆ ಇಲ್ಲ, ಮನೆಯಲ್ಲಿ ಟೆನ್ಷನ್ ಅಂತ ಶುರು ಮಾಡಬೇಡಿ. ಅದನ್ನು ಆಮೇಲೆ ಖಂಡಿತ ಹೇಳಿ, ಆದರೆ ಮೊದಲ ಮಾತು ಇದಾಗಿರಲಿ: ಕೆಲಸ ಮಾಡಿದರೆ ಬೆನ್ನು, ದವಡೆ ಹಿಡಿಯುತ್ತದೆ, ಏದುಸಿರು ಬರುತ್ತದೆ, ಕೂತರೆ ಹೋಗುತ್ತದೆ. ಅಮ್ಮನೇ ಹೇಳಲಿ. ಅವರು ಅರ್ಧಕ್ಕೆ ನಿಲ್ಲಿಸಿದರೆ ಮಾತ್ರ ನೀವು ಸೇರಿಸಿ. ಬಿಪಿ, ಬಾರ್ಡರ್ ಶುಗರ್, ಬಸಿರಿನ ಬಿಪಿ, ಮುಟ್ಟು ನಿಂತ ವರ್ಷ, ಅಮ್ಮನ ಅಪ್ಪ ಅಥವಾ ನಿಮ್ಮ ಸೋದರಮಾವಂದಿರಿಗೆ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಇತ್ತಾ ಅನ್ನುವುದು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಟ್ರೆಡ್‌ಮಿಲ್ ಮೇಲೆ ಓಡಿಸುವ ಟಿಎಂಟಿ ಹೆಂಗಸರಲ್ಲಿ ತಪ್ಪು ಫಲಿತಾಂಶ ಕೊಡುವುದು ಜಾಸ್ತಿ. ಹಾಗಾಗಿ ಸ್ಟ್ರೆಸ್ ಎಕೋ (ಹೃದಯಕ್ಕೆ ಶ್ರಮ ಕೊಟ್ಟು ತೆಗೆಯುವ ಎಕೋ) ಅಥವಾ ಸಿಟಿ ಆಂಜಿಯೋ (ಹೃದಯದ ರಕ್ತನಾಳಗಳ ಸಿಟಿ ಸ್ಕ್ಯಾನ್) ಬೇಕು ಅಂದರೆ ಗಾಬರಿ ಆಗಬೇಡಿ, ಅದಕ್ಕೆ ಕಾರಣ ಇರುತ್ತದೆ. ಹೃದಯದ ಸ್ನಾಯುವಿಗೆ ಏಟು ಬಿದ್ದಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತ ಪರೀಕ್ಷೆಯಲ್ಲೂ ಹೆಂಗಸರ ಲೆಕ್ಕ ಬೇರೆ, ಒಂದು ಸೂಕ್ಷ್ಮ ಕಿಟ್‌ನಲ್ಲಿ ಗಂಡಸರಿಗೆ ಮಿತಿ 34 ಇದ್ದರೆ ಹೆಂಗಸರಿಗೆ 16. ಗಂಡಸರ ಮಿತಿ ಇಟ್ಟು ನೋಡಿದರೆ ಕೆಲವು ಹೆಂಗಸರ ಅಟ್ಯಾಕ್ ಕಣ್ಣಿಗೆ ಬೀಳುವುದಿಲ್ಲ.

ದೊಡ್ಡ ರಕ್ತನಾಳದಲ್ಲಿ ಬ್ಲಾಕ್ ಇಲ್ಲ ಅಂದರೆ ಅದು ಒಳ್ಳೆಯ ಸುದ್ದಿಯೇ. ಆದರೆ ಬ್ಲಾಕ್ ಇಲ್ಲದೆಯೂ ಸಣ್ಣ ನಾಳಗಳು ಬಿಗಿದು ಇದೇ ರೀತಿ ನೋವು ಬರಬಹುದು, ಮೇಲೆ ಸಮಾಲೋಚಕಿ ಮೇಡಂ ಹೇಳಿದರಲ್ಲ. ಇದು ಹೆಂಗಸರಲ್ಲೇ ಜಾಸ್ತಿ. ಆಂಜಿಯೋಗ್ರಾಂನಲ್ಲಿ ಆ ನಾಳಗಳು ಕಾಣುವುದಿಲ್ಲ. ಸಣ್ಣ ರಕ್ತನಾಳಗಳ ತೊಂದರೆ ಇರಬಹುದಾ ಸರ್ ಅಂತ ನೇರವಾಗಿ ಕೇಳಿ. ಅದಕ್ಕೆ ಬೇರೆ ಮಾತ್ರೆಗಳಿವೆ.

ಬೆಳಗಿನ ಬಿಪಿ ಮಾತ್ರೆಯನ್ನು ಗುರುವಾರ ತೆಗೆದುಕೊಳ್ಳಬೇಕಾ ಅಂತ ಹಿಂದಿನ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ನಿದ್ದೆ ಮಾತ್ರೆ ಯಾವುದು ಅಂತ ಅದರ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ. ಗುರುವಾರದವರೆಗೆ ಅಮ್ಮ ಸಗಣಿ ಹೊರುವುದು ಬೇಡ, ಆ ಕೆಲಸ ಅಪ್ಪ ಮಾಡಲಿ. ಏನು ಹೇಳಿದರು ಅಂತ ಇಲ್ಲಿ ಬರೆಯಿರಿ.